ರಿಯಾಜ್ ಹೇಗೆ ಮಾಡಬೇಕು? ತಬಲಾ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ನಮ್ಮ ತಬಲಾ ಕ್ಲಾಸಿಗೆ ನಾಲ್ಕನೇ ಇಯತ್ತೆಯ ಹುಡುಗರಿಂದ ಹಿಡಿದು ಪೆನ್ಶನ್ ತಗೊಳ್ಳುವವರ ತನಕ ಎಲ್ಲರೂ ಬರುತ್ತಾರೆ. ಬೈಲಹೊಂಗಲ, ಖಾನಾಪುರ, ಗೋಕಾಕ ಕಡೆಯಿಂದ ರವಿವಾರ ಬಸ್ ಹತ್ತಿ ಬರುವವರೂ ಇದ್ದಾರೆ. ವಾರಕ್ಕೊಮ್ಮೆ ಎದುರು ಕೂತು ಪಾಠ ಹೇಳಿಸಿಕೊಳ್ಳುತ್ತಾರೆ. ಉಳಿದ ಆರು ದಿನ ಮನೆಯಲ್ಲಿ ಒಬ್ಬರೇ. ಕೈ ತಯಾರಾಗುವುದೂ ಕೆಡುವುದೂ ಆ ಆರು ದಿನಗಳಲ್ಲೇ. ಹೀಗಾಗಿ ನಮಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ರಿಯಾಜ್ (ಅಭ್ಯಾಸ) ಬಗ್ಗೆಯೇ ಇರುತ್ತವೆ. ಫೋನಿನಲ್ಲಿ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಪೇಟಿ (ಹಾರ್ಮೋನಿಯಂ) ಕಲಿಯುವವರಿಗೂ ಹಾಡು ಕಲಿಯುವವರಿಗೂ ಬಹಳಷ್ಟು ಉಪಯೋಗಕ್ಕೆ ಬರುತ್ತದೆ.

ದಿನಕ್ಕೆ ಎಷ್ಟು ತಾಸು ಕೂರಬೇಕು ಸರ್?

ಹೊಸಬರಿಗೆ ಮುಕ್ಕಾಲು ತಾಸು ಸಾಕು. ಎರಡು-ಮೂರು ವರ್ಷ ಕಲಿತವರಿಗೆ ಒಂದರಿಂದ ಒಂದೂವರೆ ತಾಸು. ಅದಕ್ಕಿಂತ ಜಾಸ್ತಿ ಕೂರುವುದಾದರೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಅಂತ ಮುರಿದುಕೊಳ್ಳಿ. ಆದರೆ ದಿನಾ ಕೂರಬೇಕು. ಶನಿವಾರ ನಾಲ್ಕು ತಾಸು ಕೂತು ವಾರದ ಬಾಕಿ ತೀರಿಸ್ತೀನಿ ಅನ್ನುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇರುತ್ತಾರೆ. ಆ ಬಾಕಿ ತೀರುವುದಿಲ್ಲ.

ಬ್ರಿಟನ್ನಿನಲ್ಲಿ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅನ್ನುವ ಇಬ್ಬರು ಸಂಶೋಧಕರು ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿ ಇದನ್ನು ಪರೀಕ್ಷಿಸಿ ನೋಡಿದರು. ಅವರ ವರದಿ 1978ರಲ್ಲಿ ಬಂತು. ಒಂದು ಗುಂಪಿಗೆ ದಿನಕ್ಕೆ ಒಂದೇ ತಾಸು ಪಾಠ. ಇನ್ನೊಂದಕ್ಕೆ ಎರಡೆರಡು ತಾಸಿನ ಎರಡು ಪಾಳಿ, ಅಂದರೆ ನಾಲ್ಕು ತಾಸು. ನಡುವೆ ಎರಡು ತಾಸಿನ ಗುಂಪುಗಳೂ ಇದ್ದವು. ಒಟ್ಟು ಎಷ್ಟು ತಾಸು ಬೇಕಾಯಿತು ಅಂತ ಲೆಕ್ಕ ಹಾಕಿದಾಗ, ದಿನಕ್ಕೆ ಒಂದೇ ತಾಸು ಕೂತವರೇ ಕಡಿಮೆ ತಾಸಿನಲ್ಲಿ ಕೀಬೋರ್ಡ್ ಕಲಿತಿದ್ದರು. ತಮಾಷೆ ಅಂದರೆ, ಕಲಿಕೆ ಬಗ್ಗೆ ಎಲ್ಲರಿಗಿಂತ ಕಡಿಮೆ ಸಮಾಧಾನ ಇದ್ದದ್ದೂ ಅವರಿಗೇ. ಎಷ್ಟು ದಿನ ಆಯಿತು ಅಂತ ನೋಡಿದರೆ ಉಳಿದವರು ಮುಂದೆ ಹೋದಂತೆ ಕಾಣುತ್ತಿತ್ತಲ್ಲ. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಹುಡುಗರಿಗೂ ಹೀಗೇ ಅನ್ನಿಸುತ್ತದೆ.

ಹತ್ತು ಸಾವಿರ ತಾಸು ರಿಯಾಜ್ ಮಾಡಿದರೆ ಯಾರು ಬೇಕಾದರೂ ಉಸ್ತಾದ್ ಆಗಬಹುದಂತೆ, ಹೌದಾ?

ಇಲ್ಲ. ಈ ಲೆಕ್ಕ ಹುಟ್ಟಿದ್ದು ಆಂಡರ್ಸ್ ಎರಿಕ್ಸನ್ ಮತ್ತು ಅವರ ಇಬ್ಬರು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಬರ್ಲಿನ್ನಿನ ಸಂಗೀತ ಅಕಾಡೆಮಿಯಲ್ಲಿ ಪಿಟೀಲು ಕಲಿಯುತ್ತಿದ್ದವರನ್ನು ಅವರು ವಿಚಾರಿಸಿದ್ದರು. ಎಲ್ಲರಿಗಿಂತ ಚೆನ್ನಾಗಿ ಬಾರಿಸುತ್ತಿದ್ದವರು 20ನೇ ವಯಸ್ಸಿಗೆ ಒಬ್ಬರೇ ಕೂತು ಮಾಡಿದ ಅಭ್ಯಾಸ ಸರಾಸರಿ 10,000 ತಾಸು ದಾಟಿತ್ತು. ಸರಾಸರಿ ಅಂದಮೇಲೆ ಅದಕ್ಕಿಂತ ಕಡಿಮೆ ಕೂತವರೂ ಇದ್ದರು. ಅಲ್ಲದೆ ಅವರು ಆಗಿನ್ನೂ ವಿದ್ಯಾರ್ಥಿಗಳು, ಉಸ್ತಾದರಲ್ಲ. ಆಮೇಲೆ ಬಾಯಿಂದ ಬಾಯಿಗೆ ಹೋಗುತ್ತಾ ಆ ಸರಾಸರಿಯೇ ನಿಯಮ ಆಗಿಬಿಟ್ಟಿತು.

2014ರಲ್ಲಿ ಬ್ರೂಕ್ ಮ್ಯಾಕ್ನಮಾರಾ ಮತ್ತಿತರರು ಇಂಥ ಎಷ್ಟೋ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು 21% ಮಾತ್ರ ಅಭ್ಯಾಸದಿಂದ ವಿವರಿಸಬಹುದು ಅಂತ ಅವರ ಲೆಕ್ಕ. ಉಳಿದದ್ದು ಏನು? ಶುರು ಮಾಡಿದ ವಯಸ್ಸಾ, ಹುಟ್ಟಿನಿಂದ ಬಂದದ್ದಾ, ಕಲಿಸಿದವರಾ? ಪಂಡಿತರ ಜಗಳ ಇನ್ನೂ ನಡೆದಿದೆ. ನಡೆಯಲಿ. ನಮ್ಮ ಕೈಯಲ್ಲಿ ಇರುವುದು ರಿಯಾಜ್ ಒಂದೇ. ಅದರಲ್ಲೂ ಎರಿಕ್ಸನ್ ಬರೀ ತಾಸಿನ ಮಾತಾಡಿರಲಿಲ್ಲ. ಬಾರದ್ದನ್ನು ಹುಡುಕಿ, ಅದನ್ನೇ ಹಿಡಿದು, ಸರಿ-ತಪ್ಪು ತಿಳಿದುಕೊಳ್ಳುತ್ತಾ ಮಾಡುವ ಅಭ್ಯಾಸದ ಬಗ್ಗೆ ಹೇಳಿದ್ದರು. ಜನ ತಾಸು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು.

ನಮ್ಮೂರ ಭಜನೆಯಲ್ಲಿ ಎಷ್ಟೋ ವರ್ಷದಿಂದ ಬಾರಿಸ್ತೀನಿ. ಆದರೂ ಕೈ ಯಾಕೆ ಮುಂದೆ ಹೋಗ್ತಿಲ್ಲ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಶ್ರಾವಣ ಬಂತೆಂದರೆ ರಾತ್ರಿಯೆಲ್ಲ ಕೂತು ಬಾರಿಸುವ ತಾಕತ್ತು ಭಜನೆಯವರದು. ಲಯ ಗಟ್ಟಿ ಇರುತ್ತದೆ. ಹಾಡುವವರು ಎಲ್ಲಿ ಉಸಿರು ತಗೊಳ್ತಾರೆ, ಎಲ್ಲಿ ಪಲ್ಲವಿಗೆ ಮರಳ್ತಾರೆ ಅನ್ನೋದು ಅವರಿಗೆ ಮೊದಲೇ ಗೊತ್ತಾಗುತ್ತದೆ. ಕ್ಲಾಸಿನಲ್ಲೇ ಕಲಿತ ಹುಡುಗನಿಗೆ ಇದು ಬರುವುದಿಲ್ಲ. ಹಾಗಾಗಿ ಅಷ್ಟು ವರ್ಷ ದಂಡ ಆಯ್ತು ಅಂತ ತಿಳಿಯಬೇಡಿ.

ಆದರೆ ಭಜನೆಯಲ್ಲಿ ಏನಾಗುತ್ತದೆ ನೋಡಿ. ಕೇರವಾ, ದಾದರಾ, ಭಜನಿ ಠೇಕಾ, ಈ ಮೂರು ತಾಳದ ನಡೆಗಳಲ್ಲಿ ರಾತ್ರಿ ಕಳೆಯುತ್ತದೆ. ಮೊದಲ ಒಂದೆರಡು ವರ್ಷ ಅವೂ ಕಷ್ಟವೇ. ಆಮೇಲೆ ಕೈ ತಾನೇ ಓಡುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಮುಂದಿನ ಪದ ಯಾವುದು, ಚಹಾ ಬಂತಾ, ಮೈಕ್ ಯಾಕೆ ಕುಂಯ್ ಅಂತಿದೆ. ಬಂದದ್ದನ್ನೇ ಕೈ ಮಾಡುತ್ತಾ ಹೋಗುತ್ತದೆ. ಬಾರದ್ದನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ನಡುವೆ ಏನಾದರೂ ಹೊಸದು ಹಾಕಿ ನೋಡೋಣ ಅಂದರೆ, ತಪ್ಪಿದರೆ ಹಾಡೇ ನಿಲ್ಲುತ್ತದೆ, ಹಿರಿಯರು ಬೈತಾರೆ. ಗಾಣದ ಎತ್ತು ದಿನವಿಡೀ ನಡೆದರೂ ಊರ ಗಡಿ ದಾಟುವುದಿಲ್ಲವಲ್ಲ, ಹಾಗೆ.

ಭಜನೆ ಬಿಡಬೇಡಿ. ಅದು ಕಾರ್ಯಕ್ರಮ ಅಂತ ತಿಳಿಯಿರಿ, ರಿಯಾಜ್ ಅಂತ ತಿಳಿಯಬೇಡಿ. ಭಜನೆ ಇಲ್ಲದ ದಿನ ಇಪ್ಪತ್ತು-ಮೂವತ್ತು ನಿಮಿಷ ಒಬ್ಬರೇ ಕೂರಿ. ನಿಮಗೆ ಬರುವ ಕೇರವಾವನ್ನೇ ಅರ್ಧ ವೇಗದಲ್ಲಿ ಬಾರಿಸಿ. ಮುಧೋಳ ಕಡೆಯ ಒಬ್ಬ ಹಿರಿಯರಿಗೆ ಹೀಗೆ ಹೇಳಿದಾಗ, "ಇಷ್ಟ ಸಾವಕಾಶ ಬಾರಿಸಿದ್ರ ನಿದ್ದಿ ಬರ್ತೈತ್ರಿ ಸರ" ಅಂದರು. "ಆಯ್ತ್ರಿ ಕಾಕಾ, ಖಾಲಿ ಎಲ್ಲಿ ಬಂತು ಅಂತ ಬಾಯಿಲೆ ಹೇಳ್ಕೊಂತ ಬಾರಿಸ್ರಿ" ಅಂದೆ. ಖಾಲಿ ಅಂದರೆ ತಾಳದಲ್ಲಿ ಚಪ್ಪಾಳೆ ಹಾಕದೆ ಕೈ ಬೀಸಿ ತೋರಿಸುವ ಜಾಗ. ಎರಡನೇ ಆವರ್ತನಕ್ಕೆ, ಅಂದರೆ ತಾಳದ ಎರಡನೇ ಸುತ್ತು ಬರುವಷ್ಟರಲ್ಲಿ, ನಿದ್ದೆ ಹಾರಿಹೋಯಿತು. ವರ್ಷಗಟ್ಟಲೆ ತಪ್ಪಿಲ್ಲದೆ ಬಾರಿಸಿದ ಠೇಕಾ ಅಲ್ಲಿ ತಪ್ಪಿತು. ಸಿಟ್ಟು ಬಂತು, ಆಮೇಲೆ ನಗು ಬಂತು. ಅವರು ಈಗಲೂ ಬರುತ್ತಾರೆ.

ಹಾಗಾದರೆ ಒಂದು ತಾಸಿನಲ್ಲಿ ಏನೇನು ಮಾಡಬೇಕು?

ಕೂರುವ ಮುಂಚೆ ಇವತ್ತು ಏನು ಸರಿಮಾಡಬೇಕು ಅನ್ನೋದನ್ನು ಒಂದು ಸಾಲಿನಲ್ಲಿ ಹೇಳಲು ಬರಬೇಕು. "ಇವತ್ತು ಕಾಯದಾ ಬಾರಿಸ್ತೀನಿ" ಅಂದರೆ ಏನೂ ಹೇಳಿದಂತಾಗಲಿಲ್ಲ. (ಪೆಟ್ಟುಗಳ ಹೆಸರು ಬೋಲ್, ನಿಯಮಕ್ಕೆ ತಕ್ಕಂತೆ ಬೆಳೆಸುತ್ತಾ ಹೋಗುವ ಬೋಲ್‌ಗಳ ರಚನೆ ಕಾಯದಾ.) "ತಿರಕಿಟದಲ್ಲಿ 'ರ' ಕೇಳ್ತಿಲ್ಲ, ಅದು ಕೇಳಬೇಕು" ಅಂದರೆ ಸರಿ.

ಆ 'ರ'ವನ್ನೇ ತಗೊಳ್ಳೋಣ. ನಾವು ಕಲಿಸುವ ರೀತಿಯಲ್ಲಿ 'ತಿ' ನಡುಬೆರಳಿನಿಂದ, 'ರ' ತೋರುಬೆರಳಿನಿಂದ, ಎರಡೂ ಶಾಯಿಯ (ಚರ್ಮದ ನಡುವಿನ ಕರಿಯ ಭಾಗದ) ಮೇಲೆ. 'ಕಿ' ಎಡಗೈ, ಡಗ್ಗಾದ (ಜೋಡಿಯಲ್ಲಿ ಎಡಗೈಗೆ ಇರುವ ದೊಡ್ಡದರ) ಮೇಲೆ ಚಪ್ಪಟೆಯಾಗಿ. 'ಟ' ಮತ್ತೆ ನಡುಬೆರಳು. ಬೇರೆ ಘರಾಣೆಯವರು ಬೆರಳು ಬೇರೆ ಇಡುತ್ತಾರೆ, ನಿಮ್ಮ ಗುರುಗಳು ಹೇಳಿದ್ದೇ ನಿಮಗೆ ಸರಿ. ನಿಧಾನ ಲಯದಲ್ಲಿ ನಾಲ್ಕೂ ಸ್ಪಷ್ಟ ಕೇಳುತ್ತವೆ. ಲಯ ಏರಿಸಿದ ಕೂಡಲೇ 'ರ' ಸೊರಗುತ್ತದೆ. ದೂರದಿಂದ ಕೇಳುವವರಿಗೆ 'ತಿ-ಕಿಟ' ಅಂದಂತೆ ಕೇಳುತ್ತದೆ.

ಯಾಕೆ ಹೀಗೆ? ನಡುಬೆರಳು ಬೀಳುವಾಗ ಇಡೀ ಅಂಗೈಯ ಭಾರ ಅದರ ಹಿಂದೆ ಇರುತ್ತದೆ. ತೋರುಬೆರಳಿನ ಸರದಿ ಬಂದಾಗ ಕೈ ಇನ್ನೂ ಅಲ್ಲೇ ಕೂತಿರುತ್ತದೆ, ಬೆರಳೊಂದೇ ಮಿಸುಕಾಡುತ್ತದೆ. ಮಣಿಕಟ್ಟು ಒಂಚೂರು ಹೆಬ್ಬೆರಳಿನ ಕಡೆ ಹೊರಳಿದರೆ ತೋರುಬೆರಳಿಗೂ ತೂಕ ಸಿಗುತ್ತದೆ. ಇದು ಗೊತ್ತಾದ ಮೇಲೆ ಇಡೀ ಕಾಯದಾ ಬಾರಿಸುವ ಅಗತ್ಯವೇ ಇಲ್ಲ. ಬರೀ ತಿರ, ತಿರ, ತಿರ. ಎರಡೂ ಒಂದೇ ತೂಕದಲ್ಲಿ ಬಂದವಾ ಅಂತ ಪ್ರತಿ ಸಲ ಕೇಳಿಸಿಕೊಳ್ಳಿ. ಆಮೇಲೆ 'ರ'ದಿಂದಲೇ ಶುರು ಮಾಡಿ: ರಕಿಟತಿ, ರಕಿಟತಿ. ಮೊದಲ ಪೆಟ್ಟಿಗೆ ಒತ್ತು ತಾನಾಗೇ ಬೀಳುತ್ತದೆ, ಈಗ ಮೊದಲ ಪೆಟ್ಟೇ ಆ ಸೊರಗಿದ ಬೆರಳು. ಐದು ನಿಮಿಷ ಹೀಗೆ ಮಾಡಿ ತಿರಕಿಟಕ್ಕೆ ಮರಳಿದರೆ ಫರಕು ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಮರುದಿನ ಅರ್ಧ ಮರೆತಿರುತ್ತದೆ. ಮತ್ತೆ ಐದು ನಿಮಿಷ.

ತಾಸಿನ ಹಂಚಿಕೆ ಕೇಳಿದರೆ, ಮೊದಲ ಹತ್ತು ನಿಮಿಷ ಸುಮ್ನೆ ನಾ, ತಿಂ, ಧಾ, ನಿಧಾನಕ್ಕೆ, ನಾದ ಕೇಳುತ್ತಾ. ಆಮೇಲೆ ಇಪ್ಪತ್ತು-ಇಪ್ಪತ್ತೈದು ನಿಮಿಷ ಆ ದಿನದ ಕಷ್ಟದ ತುಣುಕು. ಇದಕ್ಕೆ ತಲೆ ತಾಜಾ ಇರಬೇಕು, ಕೊನೆಗೆ ಉಳಿಸಬೇಡಿ. ನಡುವೆ ಎರಡು ನಿಮಿಷ ಎದ್ದು ಓಡಾಡಿ, ನೀರು ಕುಡಿಯಿರಿ, ಫೋನ್ ಮುಟ್ಟಬೇಡಿ. ಉಳಿದ ಹೊತ್ತು ಲೆಹರಾ (ತಾಳಕ್ಕೆ ತಕ್ಕಂತೆ ಸುತ್ತಿ ಸುತ್ತಿ ಬರುವ ಧುನ್) ಹಾಕಿಕೊಂಡು ಕಾಯದಾ, ಪಲ್ಟಾ (ಅದನ್ನೇ ಬದಲಿಸಿ ಬಾರಿಸುವುದು), ತಿಹಾಯಿ (ಮೂರು ಸಲ ಬಾರಿಸಿ ಮುಗಿಸುವ ತುಣುಕು). ಕೊನೆಯ ಐದು ನಿಮಿಷ ನಿಮ್ಮ ಮನಸ್ಸಿಗೆ ಬಂದದ್ದು. ಸಿನಿಮಾ ಹಾಡಿಗೆ ಬಾರಿಸಿದರೂ ನಾನು ಏನೂ ಅನ್ನುವುದಿಲ್ಲ.

ಸ್ಪೀಡ್ ಯಾವಾಗ ಬರುತ್ತದೆ?

ಹುಡುಗರ ಮೊದಲ ಪ್ರಶ್ನೆಯೇ ಇದು. ಲೆಹರಾ ಆಪ್‌ನಲ್ಲಿ ನಿಮಿಷಕ್ಕೆ 60 ಮಾತ್ರೆ (ತಾಳದ ಎಣಿಕೆ) ಇಟ್ಟುಕೊಳ್ಳಿ. ತೀನ್‌ತಾಳದ ಹದಿನಾರು ಮಾತ್ರೆಯ ಆವರ್ತನ ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ನಾಲ್ಕೈದು ಏರಿಸಿ. ತಪ್ಪಿದರೆ ಹತ್ತು ಇಳಿಸಿ. ಇಳಿಸುವುದರಲ್ಲಿ ಮರ್ಯಾದೆ ಹೋಗುವುದೇನಿಲ್ಲ, ನೋಡುವವರು ಯಾರೂ ಇಲ್ಲ.

ಒಂದು ಎಚ್ಚರ. ನಿಧಾನ ಅಂತ ಬೆರಳನ್ನು ಮೇಲೆ ಎತ್ತಿ ಎತ್ತಿ ಬಡಿಯಬೇಡಿ. ವೇಗದಲ್ಲಿ ಬೆರಳಿಗೆ ಅಷ್ಟು ದೂರ ಹೋಗಿ ಬರಲು ಹೊತ್ತು ಸಿಗುವುದಿಲ್ಲ. ನಿಧಾನ ಲಯದಲ್ಲೂ ಚಲನೆ ಚಿಕ್ಕದೇ ಇರಲಿ, ಪೆಟ್ಟಿನ ನಡುವಿನ ಬಿಡುವು ಮಾತ್ರ ಉದ್ದ ಇರಲಿ. ಹಾಗೇ ವಾರಕ್ಕೊಮ್ಮೆ ಬೇಕಂತಲೇ ನಿಮ್ಮ ಮಿತಿ ದಾಟಿ ಬಾರಿಸಿ ನೋಡಿ. ಚೆನ್ನಾಗಿ ಬರಲಿ ಅಂತ ಅಲ್ಲ, ಮೊದಲು ಎಲ್ಲಿ ಮುರಿಯುತ್ತದೆ ಅಂತ ನೋಡಲು. ಮುರಿದ ಜಾಗವೇ ಮುಂದಿನ ವಾರದ ಪಾಠ.

ನಡುವೆ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾ?

ಬೇಡ. ಎಲ್ಲರೂ ಮಾಡುವುದು ಅದನ್ನೇ. ಅದರಿಂದ ಏನಾಗುತ್ತದೆ ಅಂದರೆ, ಮೊದಲ ಸಾಲು ನೂರು ಸಲ ಆಗುತ್ತದೆ, ತಪ್ಪುವ ಸಾಲು ನೂರು ಸಲ ತಪ್ಪುತ್ತದೆ. ತಪ್ಪು ಕೂಡ ರಿಯಾಜ್‌ನಿಂದ ಗಟ್ಟಿಯಾಗುತ್ತದೆ ಅನ್ನೋದು ನೆನಪಿರಲಿ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡ್ಯೂಕ್ ಮತ್ತು ಜೊತೆಗಾರರು 17 ಪಿಯಾನೋ ವಿದ್ಯಾರ್ಥಿಗಳಿಗೆ ಒಂದು ಕಷ್ಟದ ಸಣ್ಣ ತುಣುಕು ಕೊಟ್ಟು, ಅಭ್ಯಾಸ ಮಾಡುವುದನ್ನು ಪೂರ್ತಿ ರೆಕಾರ್ಡ್ ಮಾಡಿದರು. ಮರುದಿನ ಬಾರಿಸಿ ತೋರಿಸಬೇಕಿತ್ತು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಷ್ಟು ಹೊತ್ತು ಕೂತರು, ಎಷ್ಟು ಸಲ ಬಾರಿಸಿದರು ಅನ್ನೋದಕ್ಕೂ ಮರುದಿನದ ಗುಣಮಟ್ಟಕ್ಕೂ ಸಂಬಂಧವೇ ಕಾಣಲಿಲ್ಲ. ಎಷ್ಟು ಸಲ ತಪ್ಪು ಬಾರಿಸಿದರು ಅನ್ನೋದಕ್ಕೆ ಸಂಬಂಧ ಇತ್ತು. ಶುರುವಿನಲ್ಲಿ ಎಲ್ಲರೂ ತಪ್ಪಿದ್ದರು. ಆದರೆ ಮುಂದಿದ್ದವರು ತಪ್ಪಿದ ಜಾಗ ಯಾವುದು ಅಂತ ಸರಿಯಾಗಿ ಹಿಡಿದು, ಅಲ್ಲೇ ನಿಂತು, ಲಯ ಇಳಿಸಿ, ಸರಿಹೋಗುವ ತನಕ ಅಷ್ಟನ್ನೇ ಬಾರಿಸಿದ್ದರು.

ಹಾಗೇ ಮಾಡಿ. ತಪ್ಪಿದ ಬೋಲ್, ಅದರ ಹಿಂದಿನ ಎರಡು, ಮುಂದಿನ ಎರಡು. ಅಷ್ಟೇ. ಸಾಮಾನ್ಯವಾಗಿ ತಪ್ಪು ಬೋಲ್‌ನಲ್ಲಿ ಇರುವುದೇ ಇಲ್ಲ, ಒಂದು ಬೋಲ್‌ನಿಂದ ಇನ್ನೊಂದಕ್ಕೆ ದಾಟುವಲ್ಲಿ ಇರುತ್ತದೆ. 'ಧಾ'ದಿಂದ 'ತಿರಕಿಟ'ಕ್ಕೆ ಹೋಗುವಾಗ ಕೈ ಚಾಟಿಯಿಂದ (ಚರ್ಮದ ಅಂಚಿನಿಂದ) ಶಾಯಿಗೆ ಬರಬೇಕಲ್ಲ, ಅಲ್ಲಿ ತಡ ಆಗುತ್ತದೆ. ತಿರಕಿಟ ಬಡವಾದದ್ದು ಅದರಿಂದ. ಬಯ್ಯಿಸಿಕೊಳ್ಳುವುದು ಮಾತ್ರ ತಿರಕಿಟ.

ಕಾರ್ಯಕ್ರಮಕ್ಕೆ ಮುಂಚಿನ ವಾರ ಇದಕ್ಕೆ ತದ್ವಿರುದ್ಧ ಮಾಡಬೇಕು. ತಪ್ಪಿದರೂ ನಿಲ್ಲದೆ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬರುವ ರೂಢಿ ಬೇಕು. ಅದಕ್ಕೂ ಬೇರೆ ರಿಯಾಜ್ ಮಾಡಬೇಕು.

ಮನೆಯಲ್ಲಿ ಗುರುಗಳು ಇರೋದಿಲ್ಲ. ತಪ್ಪು ಅಂತ ಗೊತ್ತಾಗೋದು ಹೇಗೆ?

ಫೋನ್ ಇದೆ ಅಲ್ವಾ? ರೆಕಾರ್ಡ್ ಮಾಡಿ. ಎರಡು ನಿಮಿಷ ಸಾಕು. ಬಾರಿಸುವಾಗ ಅರ್ಧ ಮನಸ್ಸು ಕೈಯಲ್ಲಿ ಇರುತ್ತದೆ, ಕಿವಿ ಪೂರ್ತಿ ಕೆಲಸ ಮಾಡುವುದಿಲ್ಲ. ರೆಕಾರ್ಡಿಂಗ್ ಕೇಳಿದಾಗ ಲಯ ಓಡಿದ್ದು, 'ರ' ನುಂಗಿದ್ದು, ಡಗ್ಗಾ ತಡವಾಗಿ ಬಂದದ್ದು ಎಲ್ಲಾ ಬಯಲಾಗುತ್ತದೆ. ಮೊದಲ ಸಲ ಕೇಳಿದಾಗ ಎಲ್ಲರಿಗೂ ಬೇಜಾರಾಗುತ್ತದೆ. ಒಂದು ಸೂಚನೆ: ಬಾರಿಸಿದ ಕೂಡಲೇ ಕೇಳಬೇಡಿ. ಮೊದಲು ಎಲ್ಲಿ ತಪ್ಪಿತ್ತು ಅಂತ ಒಂದು ಚೀಟಿಯಲ್ಲಿ ಬರೆದು, ಆಮೇಲೆ ಕೇಳಿ ತಾಳೆ ನೋಡಿ. ಎರಡೂ ಹೊಂದತೊಡಗಿದ ದಿನ ನಿಮ್ಮ ಕಿವಿ ತಯಾರಾಯಿತು ಅಂತ ಲೆಕ್ಕ.

ತಬಲಾದ ಒಂದು ಉಪಕಾರವೆಂದರೆ ಅದು ತಪ್ಪನ್ನು ಮುಚ್ಚಿಡುವುದಿಲ್ಲ. ಸಾಮಾನ್ಯ ಡೋಲಿನ ಚರ್ಮದಿಂದ ಹುಟ್ಟುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಗದ್ದಲದಂತೆ ಕೇಳುತ್ತವೆ. ತಬಲಾ, ಮೃದಂಗಗಳ ಚರ್ಮದ ನಡುವೆ ಹಚ್ಚಿದ ಕರಿಯ ಶಾಯಿಯ ಭಾರದಿಂದ ಅವು ಸ್ವರಕ್ಕೆ ಕೂಡಿಬರುತ್ತವೆ. ಸಿ.ವಿ. ರಾಮನ್ ಇದರ ಬಗ್ಗೆ 1920ರಲ್ಲೇ ಬರೆದಿದ್ದರು, 1934ರಲ್ಲಿ ಇನ್ನೂ ವಿವರವಾಗಿ ಬರೆದರು. 'ನಾ' ಬಾರಿಸುವಾಗ ಉಂಗುರಬೆರಳು ಶಾಯಿಯ ಅಂಚಿಗೆ ಹಗುರಾಗಿ ತಾಗಿರಬೇಕು. ಒತ್ತಿದರೆ ನಾದ ಸಾಯುತ್ತದೆ. ಬೆರಳು ಎದ್ದರೆ ಕೆಳಗಿನ ಒಂದು ಮೊಂಡು ದನಿ ಬಂದು ಸೇರಿಕೊಳ್ಳುತ್ತದೆ. ಸರಿ ಇದ್ದಾಗ ಮಾತ್ರ ಗಂಟೆಯಂಥ ಸ್ವರ. ಇದನ್ನು ತಿಳಿಯಲು ಗುರು ಬೇಕಿಲ್ಲ, ಸದ್ದಿಲ್ಲದ ಕೋಣೆ ಬೇಕು. ಮಿಕ್ಸರ್ ಓಡುವ ಅಡುಗೆಮನೆಯ ಪಕ್ಕ ಕೂತು ರಿಯಾಜ್ ಮಾಡಬೇಡಿ.

ಬಾಯಿಯಲ್ಲಿ ಬೋಲ್ ಹೇಳಿಸೋದು ಯಾಕೆ? ಮತ್ತೆ, ಕಾಯದಾ ನೆನಪೇ ಉಳಿಯಲ್ಲ.

ಎರಡಕ್ಕೂ ಉತ್ತರ ಒಂದೇ. ಬಾಯಿಗೆ ಬಾರದ್ದು ಕೈಗೆ ಬರುವುದಿಲ್ಲ. ಉಸ್ತಾದ್ ಅಲ್ಲಾರಖಾ ಅವರು ಮಗ ಝಾಕಿರ್ ಹುಸೇನರನ್ನು ನಸುಕಿನಲ್ಲೇ ಎಬ್ಬಿಸಿ, ತಬಲಾ ಮುಟ್ಟಿಸದೆ, ಬೋಲ್‌ಗಳನ್ನು ಬಾಯಿಯಲ್ಲೇ ಹೇಳಿಸುತ್ತಿದ್ದರು. ಝಾಕಿರ್ ಹುಸೇನ್ ಇದನ್ನು ಎಷ್ಟೋ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಬೈಲಹೊಂಗಲದ ಬಸ್ಸಿನಲ್ಲಿ ಒಂದು ತಾಸು ಸುಮ್ನೆ ಕೂತಿರುತ್ತೀರಲ್ಲ, ತೊಡೆಯ ಮೇಲೆ ತಾಳ ಹಾಕುತ್ತಾ ಮನಸ್ಸಿನಲ್ಲಿ ಹೇಳಿಕೊಳ್ಳಿ. ಪಕ್ಕದವರು ನೋಡಿದರೆ ನೋಡಲಿ.

ನೆನಪಿನ ವಿಷಯಕ್ಕೆ ಬಂದರೆ, ಹದಿನಾರು ಅಕ್ಷರ ಹದಿನಾರಾಗಿ ನೆನಪಿಡಲು ಹೋಗಬೇಡಿ. 'ಧಾಧಾ ತೆಟೆ ಧಾಧಾ ತಿಂನಾ, ತಾತಾ ತೆಟೆ ಧಾಧಾ ಧಿಂನಾ' ಅನ್ನುವ ಕಾಯದಾ ನೋಡಿ. ಇದರಲ್ಲಿ ಇರುವುದು ಎರಡೇ ಮಾತು. ಎರಡನೆಯದು ಮೊದಲಿನದೇ, ಶುರುವಿನಲ್ಲಿ ಡಗ್ಗಾದ ನಾದ ತೆಗೆದು ಕೊನೆಯಲ್ಲಿ ಮತ್ತೆ ಕೂಡಿಸಿದ್ದು. ಇಷ್ಟು ಅರ್ಥ ಆದರೆ ಮರೆಯಲು ಏನೂ ಉಳಿಯುವುದಿಲ್ಲ.

ಎರಿಕ್ಸನ್ ಮತ್ತು ಜೊತೆಗಾರರು 1980ರಲ್ಲಿ ಬರೆದ ಇನ್ನೊಂದು ಪ್ರಯೋಗ ಇದೆ. ಒಬ್ಬ ಕಾಲೇಜು ವಿದ್ಯಾರ್ಥಿ ಶುರುವಿನಲ್ಲಿ ಎಲ್ಲರಂತೆ ಏಳು ಅಂಕಿ ಕೇಳಿ ಒಪ್ಪಿಸುತ್ತಿದ್ದ. ಸುಮಾರು 20 ತಿಂಗಳ ಅಭ್ಯಾಸದ ನಂತರ 79 ಅಂಕಿ ಒಪ್ಪಿಸಿದ. ಅವನು ಓಟಗಾರ. ಮೂರು-ನಾಲ್ಕು ಅಂಕಿಗಳನ್ನು ಕೂಡಿಸಿ ಯಾವುದೋ ಓಟದ ಸಮಯ ಅಂತ ನೆನಪಿಡುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟಾಗ ಮತ್ತೆ ಆರಕ್ಕೇ ಬಂದು ನಿಂತ! ಅಂದರೆ ನೆನಪಿನ ಶಕ್ತಿ ಏನೂ ಬೆಳೆದಿರಲಿಲ್ಲ, ಅಂಕಿಯನ್ನು ಕಟ್ಟುವ ರೀತಿ ಬೆಳೆದಿತ್ತು.

ಒಂದು ಕಾಯದಾ ಪೂರ್ತಿ ಕೈಗೆ ಕೂರುವ ತನಕ ಅದನ್ನೇ ಬಾರಿಸಬೇಕಾ, ಬೇರೆ ಬೇರೆ ಕೂಡಿಸಬೇಕಾ?

ಹೊಸದಾಗಿದ್ದಾಗ ಅದನ್ನೇ. ಕೈಗೆ ಸ್ವಲ್ಪ ಹತ್ತಿದ ಮೇಲೆ ಹಳೆಯ ಎರಡನ್ನು ಕೂಡಿಸಿ, ಅದಲು ಬದಲು ಮಾಡಿ ಬಾರಿಸಿ. ಹಾಗೆ ಮಾಡಿದಾಗ ರಿಯಾಜ್ ಕೆಟ್ಟದಾಗಿ ಹೋದಂತೆ ಅನ್ನಿಸುತ್ತದೆ, ಮೇಲಿಂದ ಮೇಲೆ ತಪ್ಪುತ್ತದೆ. ಒಂದು ವಾರದ ನಂತರ ನೋಡಿದರೆ ಅದೇ ಚೆನ್ನಾಗಿ ಉಳಿದಿರುತ್ತದೆ. ಹಾಗೆಯೇ ಮಾಮೂಲಿ ಲಯಕ್ಕಿಂತ ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಬಾರಿಸುವ ರೂಢಿ ಇರಲಿ. ಸಾಥ್ ಕೊಡಲು ಕೂತಾಗ ಹಾಡುವವರು ನಿಮ್ಮನ್ನು ಕೇಳಿ ಲಯ ಹಿಡಿಯುವುದಿಲ್ಲ.

ಯೂಟ್ಯೂಬ್ ನೋಡಿ ಕಲಿಯಬಹುದಾ?

ಕೇಳಲು, ಹುರುಪು ಬರಲು ಬಹಳ ಒಳ್ಳೆಯದು. ಕಲಿಯಲು ಸಾಲದು. ಪರದೆಯಲ್ಲಿರುವವರಿಗೆ ನಿಮ್ಮ ಕೈ ಕಾಣುವುದಿಲ್ಲ. ಕೈ ಕೂರಿಸುವ ಮೊದಲ ಆರು ತಿಂಗಳಂತೂ ಎದುರಿಗೆ ಗುರುಗಳು ಇರಲೇಬೇಕು. ಒಮ್ಮೆ ತಪ್ಪಾಗಿ ಕೂತ ಕೈಯನ್ನು ಬಿಚ್ಚಿ ಮತ್ತೆ ಕೂರಿಸುವುದು ಹೊಸಬರಿಗೆ ಕಲಿಸುವುದಕ್ಕಿಂತ ಕಷ್ಟ.

ನನಗೀಗ ಐವತ್ತು ದಾಟಿದೆ. ಇನ್ನು ಬರುತ್ತದಾ?

ಬರುತ್ತದೆ. ರೇಲಾ (ಬಹಳ ವೇಗದಲ್ಲಿ ಬಾರಿಸುವ ರಚನೆ) ಬಾರಿಸಿ ಸಭೆಯನ್ನು ಅಲುಗಾಡಿಸುವ ಆಸೆ ಇದ್ದರೆ ಅದು ಕಷ್ಟ, ಸುಳ್ಳು ಯಾಕೆ ಹೇಳಲಿ. ತೀನ್‌ತಾಳ, ಝಪ್‌ತಾಳ, ಏಕತಾಳ ಚೊಕ್ಕ ಬಾರಿಸಿ ಮನೆಯವರ ಹಾಡಿಗೆ ಸಾಥ್ ಕೊಡುವ ಮಟ್ಟಕ್ಕೆ ಬರಬಹುದು. ದೊಡ್ಡವರಲ್ಲಿ ಒಂದು ಗುಣ ಇರುತ್ತದೆ. ಏನು ತಪ್ಪಿತು ಅಂತ ಹೇಳಿದರೆ ಹಾಗೇ ಮನೆಗೆ ಹೋಗಿ ಅದನ್ನೇ ಮಾಡಿಕೊಂಡು ಬರುತ್ತಾರೆ. ಅವರ ತೊಂದರೆ ನಾಚಿಕೆ. ಎಂಟು ವರ್ಷದ ಮಗುವಿನ ಪಕ್ಕ ಕೂತು ತಪ್ಪಲು ಸಂಕೋಚ. ಅಂಥವರಿಗೆ ಬೇಕಾದರೆ ಬೇರೆ ಹೊತ್ತು ಕೊಡುತ್ತೇವೆ.

ಮಗಳು ರಿಯಾಜ್‌ಗೆ ಕೂರೋದೇ ಇಲ್ಲ. ಬೈದು ಕೂರಿಸಬೇಕಾ?

ಬೈದರೆ ಕೂರುತ್ತಾಳೆ, ಗಡಿಯಾರ ನೋಡುತ್ತಾ ಕೂರುತ್ತಾಳೆ. ಅದರ ಬದಲು ಹೊತ್ತು ಚಿಕ್ಕದು ಮಾಡಿ. ಸಣ್ಣ ಮಕ್ಕಳಿಗೆ ಹದಿನೈದು ನಿಮಿಷ ಸಾಕು. ದಿನಾ ಒಂದೇ ಹೊತ್ತು ಇರಲಿ, ಸಂಜೆ ಹಾಲು ಕುಡಿದ ಮೇಲೆ ಅಂತ ಇಟ್ಟುಕೊಳ್ಳಿ. ತಬಲಾವನ್ನು ಅಟ್ಟದ ಮೇಲೆ ಇಡದೆ ಕೈಗೆ ಸಿಗುವ ಕಡೆ ಇಡಿ. "ಎಷ್ಟು ಹೊತ್ತು ಬಾರಿಸಿದಿ?" ಅಂತ ಕೇಳುವುದನ್ನು ಬಿಟ್ಟು "ಇವತ್ತು ಯಾವುದು ಕಷ್ಟ ಆಯ್ತವ್ವಾ?" ಅಂತ ಕೇಳಿ ನೋಡಿ. ಅವಳಿಂದ ನೀವೇ ನಾಲ್ಕು ಬೋಲ್ ಹೇಳಿಸಿಕೊಂಡು ಕಲಿತರಂತೂ ಆಕೆಯ ಹುರುಪು ನೋಡಬೇಕು. ಗಣಪತಿ ಹಬ್ಬದ ಹನ್ನೊಂದು ದಿನ ಮಾತ್ರ ಬಿಟ್ಟುಬಿಡಿ. ಓಣಿಯ ಮಂಟಪದಲ್ಲಿ ಸ್ಪೀಕರ್ ಹಚ್ಚಿರುವಾಗ ಯಾರಿಂದಲೂ ರಿಯಾಜ್ ಆಗುವುದಿಲ್ಲ.

ಬಾರಿಸಿದ ಮೇಲೆ ಕೈ ನೋಯುತ್ತದೆ. ತಡೆದುಕೊಂಡು ಮುಂದುವರಿಸಬೇಕಾ?

ಬೆರಳ ತುದಿ ಉರಿಯುವುದು, ತೋಳು ದಣಿಯುವುದು ಮಾಮೂಲಿ. ಮಣಿಕಟ್ಟಿನಲ್ಲಿ ಚಳಕು, ಬೆರಳು ಜೋಮು ಹಿಡಿಯುವುದು, ರಾತ್ರಿಯೂ ಹೋಗದ ನೋವು, ಇವು ಮಾಮೂಲಿ ಅಲ್ಲ. ತಕ್ಷಣ ನಿಲ್ಲಿಸಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಹೆಚ್ಚಿನವರಿಗೆ ಇದು ಹೆಗಲು ಬಿಗಿ ಹಿಡಿಯುವುದರಿಂದ ಬರುತ್ತದೆ. ಲಯ ಏರಿದ ಕೂಡಲೇ ಹೆಗಲು ಕಿವಿಯ ಹತ್ತಿರ ಬಂದಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಎದುರಿಗೆ ಒಂದು ಕನ್ನಡಿ ಇಟ್ಟುಕೊಳ್ಳಿ.

ಎಸ್‌ಎಸ್‌ಎಲ್‌ಸಿ ಅಂತ ಒಂದು ವರ್ಷ ಬಿಟ್ಟೆ. ಎಲ್ಲಾ ಹೋಯ್ತಾ?

ಹೋಗಿರುವುದಿಲ್ಲ. ವೇಗ ಹೋಗಿರುತ್ತದೆ, ಒಂದೆರಡು ತಿಂಗಳಲ್ಲಿ ಮರಳುತ್ತದೆ. ಬಿಟ್ಟ ಕಡೆಯಿಂದ ಶುರು ಮಾಡಲು ಹೋಗಬೇಡಿ. ಅದಕ್ಕಿಂತ ಹಿಂದಿನ ಪಾಠದಿಂದ ಹಿಡಿಯಿರಿ.

ಕೈಯೋ ದನಿಯೋ ನಿಲ್ಲಬೇಕಾಗಿ ಬಂದರೂ ಕಿವಿ ನಿಲ್ಲಬೇಕಿಲ್ಲ. ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಹರೆಯದಲ್ಲೇ ಕ್ಷಯ ತಗುಲಿತು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ಹಾಡಕೂಡದು ಅಂದರು ಡಾಕ್ಟರು. ಮಧ್ಯಪ್ರದೇಶದ ದೇವಾಸದಲ್ಲಿ ಐದಾರು ವರ್ಷ ಹಾಡದೆ ಕಳೆದರು. ಆ ದಿನಗಳಲ್ಲಿ ಮಾಳ್ವಾದ ಜನಪದ ಹಾಡುಗಳನ್ನು ಮನಸ್ಸಿಟ್ಟು ಕೇಳಿದರು. ಮತ್ತೆ ಹಾಡಲು ಕೂತಾಗ ಆ ಧುನ್‌ಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು, ಇದ್ದ ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ತಾನ್‌ಗಳ ಹಾಡುವ ಶೈಲಿ ರೂಪಿಸಿಕೊಂಡರು. ನಿಮ್ಮ ಒಂದು ವರ್ಷದ ಎಸ್‌ಎಸ್‌ಎಲ್‌ಸಿ ದೊಡ್ಡದೇನಲ್ಲ.

ಚಿಲ್ಲಾ ಮಾಡಬೇಕಾ?

ನಲವತ್ತು ದಿನ ಹೊರಗಿನ ವ್ಯವಹಾರ ಬಿಟ್ಟು ಬರೀ ರಿಯಾಜ್ ಮಾಡುವ ಹಳೆಯ ಪದ್ಧತಿ ಅದು. ಕೈ ಪೂರ್ತಿ ಕೂತವರಿಗೆ, ಗುರುಗಳ ಅಪ್ಪಣೆ ಇದ್ದವರಿಗೆ. ನಿಮಗೆ ಈಗ ಬೇಡ.

ಪರೀಕ್ಷೆ ಕಟ್ಟಬೇಕಾ?

ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳಿಗೆ ನಮ್ಮಲ್ಲಿ ಬಹಳ ಮಕ್ಕಳು ಕೂರುತ್ತಾರೆ. ತಾಳವನ್ನು ಕೈಯಲ್ಲಿ ಹಾಕಿ ಬಾಯಲ್ಲಿ ಹೇಳಬೇಕು, ದುಗುನ್ (ಇಮ್ಮಡಿ ಲಯ) ಮಾಡಬೇಕು. ಅದು ಒಳ್ಳೆಯ ಶಿಸ್ತು. ಆದರೆ ಪರೀಕ್ಷೆಗೆ ಬೇಕಾದ್ದನ್ನಷ್ಟೇ ವರ್ಷವಿಡೀ ಬಾರಿಸುವ ಮಕ್ಕಳನ್ನೂ ನೋಡಿದ್ದೇನೆ. ಎರಡು ವರ್ಷಕ್ಕೊಂದು ಪರೀಕ್ಷೆ ಆದರೂ ನಡೆಯುತ್ತದೆ, ಅವಸರ ಬೇಡ.

ಮಳೆಗಾಲದಲ್ಲಿ ತಬಲಾ ಇಳಿದುಬಿಡುತ್ತದೆ, ರಿಯಾಜ್‌ಗೆ ಬೇಜಾರಾಗುತ್ತದೆ. ಏನು ಮಾಡಲಿ?

ಬೆಳಗಾವಿ, ಖಾನಾಪುರದ ಜೂನ್-ಜುಲೈ ತಿಂಗಳ ತಂಪಿಗೆ ಚರ್ಮ ಸಡಿಲಾಗುತ್ತದೆ, ಸ್ವರ ಇಳಿಯುತ್ತದೆ. ವಿಜಯಪುರ, ಬಾಗಲಕೋಟೆಯವರಿಗೆ ಏಪ್ರಿಲ್-ಮೇ ಬಿಸಿಲಿನಲ್ಲಿ ಇದರ ಉಲ್ಟಾ. ಚರ್ಮ ಬಿಗಿದು ಸ್ವರ ಏರುತ್ತದೆ. ಇಳಿದ ತಬಲಾದ ಮೇಲೆ ರಿಯಾಜ್ ಮಾಡಬೇಡಿ. ನಾದ ಸರಿ ಬರದಿದ್ದಾಗ ಕೈ ಗೊತ್ತಿಲ್ಲದೆ ಜೋರು ಮಾಡುತ್ತದೆ, ಆ ರೂಢಿ ಆಮೇಲೆ ಬಿಡುವುದಿಲ್ಲ. ಐದು ನಿಮಿಷ ಕೊಟ್ಟು ಸುರಕ್ಕೆ ತನ್ನಿ. ಬಹಳ ಇಳಿದಿದ್ದರೆ ಮೊದಲು ಗಟ್ಟಾಗಳನ್ನು (ಬಾರುಗಳಿಗೆ ಸಿಕ್ಕಿಸಿದ ಮರದ ತುಂಡುಗಳನ್ನು) ಕೆಳಗೆ ಬಡಿಯಿರಿ, ಆಮೇಲೆ ಅಂಚಿನ ಗಜರೆಗೆ (ಹೆಣೆದ ಚರ್ಮದ ಬಳೆಗೆ) ಸುತ್ತಲೂ ಹಗುರ ಪೆಟ್ಟು, ಎದುರುಬದುರಿನ ಮನೆಗಳನ್ನು (ಬಾರುಗಳ ನಡುವಿನ ಜಾಗಗಳನ್ನು) ಒಂದಾದ ಮೇಲೆ ಒಂದು ನೋಡುತ್ತಾ. ಬಾರಿಸಿದ ಮೇಲೆ ಬೆವರು ಒರೆಸಿ, ಬಟ್ಟೆ ಹೊದಿಸಿ, ಗೋಡೆಯ ತಂಪು ತಾಗದ ಕಡೆ ಇಡಿ. ಗ್ಯಾಸ್ ಒಲೆಯ ಮೇಲೆ ಹಿಡಿದು ಕಾಯಿಸಬೇಡಿ. ಶಾಯಿ ಬಿರುಕು ಬಿಟ್ಟರೆ ಹೊಸ ಪುಡಿ (ಶಾಯಿ ಸಮೇತ ಮೇಲಿನ ಇಡೀ ಚರ್ಮ) ಹಾಕಿಸಬೇಕಾಗುತ್ತದೆ. ಮಳೆಗಾಲದಲ್ಲಿ ರಿಪೇರಿಯವರ ಹತ್ತಿರ ಸಾಲು ಉದ್ದ ಇರುತ್ತದೆ.